ಕೊಡಗಿನ ರಾಜಕುಮಾರಿ ಗೌರಮ್ಮ

ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟುವ ಕಾವೇರಿಯು ಕೊಡಗಿನಲ್ಲಿಯೇ ನಿಲ್ಲುವುದಿಲ್ಲ. ಮೈಸೂರು, ಮಂಡ್ಯದ ಬಯಲುಗಳಲ್ಲಿ ಹರಿದು, ಪೂರಿಗಾಲಿ, ಬೆಳಕವಾಡಿ ಮೊದಲಾದ ಊರುಗಳಿರುವ ಮಳವಳ್ಳಿ ಸೀಮೆಯ ಅಂಚಿನಲ್ಲಿ ಸಾಗಿ, ಶಿವನಸಮುದ್ರದಲ್ಲಿ ಧುಮುಕಿ, ತಮಿಳುನಾಡನ್ನು ಹಾದು ಕಡಲನ್ನು ಸೇರುತ್ತದೆ. ಹೋದೆಡೆಯೆಲ್ಲ ಅದಕ್ಕೆ ತಾಯಿಯ ಮನ್ನಣೆ ದೊರೆಯುತ್ತದೆ. ಎಲ್ಲಿಯೂ ಅದರ ಹೆಸರು ಕಾವೇರಿಯೇ. ಹುಟ್ಟಿದ ನೆಲವನ್ನು ಬಿಟ್ಟು ದೂರ ಹೋಗುವ ಮನುಷ್ಯರಿಗೆಲ್ಲ ಈ ಭಾಗ್ಯ ಲಭಿಸುವುದಿಲ್ಲ.

ಇಂದು ಕನ್ನಡ ನಾಡಿನ ಪಟ್ಟಣಗಳಿಂದ ಮಾತ್ರವಲ್ಲದೆ ಹಳ್ಳಿಗಳಿಂದಲೂ ಅನೇಕರು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಹೊರದೇಶಗಳಿಗೆ ಹೋಗುತ್ತಾರೆ. ಅಲ್ಲಿ ಮನೆ ಹೂಡುತ್ತಾರೆ. ಮಕ್ಕಳನ್ನು ಶಾಲೆಗೆ ಸೇರಿಸುತ್ತಾರೆ. ಅಲ್ಲಿಯ ಚಳಿಗೆ, ಊಟಕ್ಕೆ, ಮಾತಿಗೆ ಮೆಲ್ಲಮೆಲ್ಲನೆ ಹೊಂದಿಕೊಳ್ಳುತ್ತಾರೆ. ಹೊಸ ನಾಡಿನಲ್ಲಿ ದಿನದಿನದ ಬಾಳನ್ನು ಕಟ್ಟಿಕೊಳ್ಳುವುದು ಸುಲಭದ ಕೆಲಸವಲ್ಲ. ಅದಕ್ಕೆ ಹಣ ಬೇಕು, ಧೈರ್ಯ ಬೇಕು. ಅದಕ್ಕಿಂತ ಹೆಚ್ಚಾಗಿ, ತನ್ನವರು ಎನ್ನುವವರು ಜೊತೆಯಲ್ಲಿರಬೇಕು. ಈ ಮಾತು ಎಷ್ಟು ನಿಜವೆಂಬುದನ್ನು ತಿಳಿಯಬೇಕಾದರೆ ಸುಮಾರು ನೂರೆಪ್ಪತ್ತು ವರ್ಷಗಳ ಹಿಂದೆ ಇಂಗ್ಲೆಂಡಿಗೆ ಹೋದ ಒಬ್ಬ ತಂದೆ ಮತ್ತು ಮಗಳ ಕಥೆಯನ್ನು ಕೇಳಬೇಕು. ತಂದೆಯು ಕೊಡಗಿನ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರ, ಮಗಳು ಗೌರಮ್ಮ.

ಕೊಡಗನ್ನು ಎರಡು ಶತಮಾನಗಳಿಗೂ ಮೀರಿ ಆಳಿದವರು ಹಾಲೇರಿ ವಂಶದ ಅರಸರು. ಇವರು ವೀರಶೈವ ಮತಕ್ಕೆ ಸೇರಿದವರು. ಇವರ ಆಸ್ಥಾನದಲ್ಲಿ ಕನ್ನಡಕ್ಕೆ ಗೌರವದ ಸ್ಥಾನವಿದ್ದಿತು. ಈ ವಂಶದ ಚರಿತ್ರೆಯನ್ನು ಹೇಳುವ ರಾಜೇಂದ್ರನಾಮೆಯು ಕನ್ನಡದಲ್ಲಿಯೇ ರಚಿತವಾದ ಗ್ರಂಥ. ಈ ಅರಸರಲ್ಲಿ ಹೆಸರುವಾಸಿಯಾದವನು ದೊಡ್ಡವೀರರಾಜೇಂದ್ರ. ಟಿಪ್ಪು ಸುಲ್ತಾನನ ವಿರುದ್ಧ ಆತನು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯೊಡನೆ ಸ್ನೇಹ ಬೆಳೆಸಿದನು. ಆ ಸ್ನೇಹದ ನಂಬುಗೆಯಿಂದ ದೊಡ್ಡ ಮೊತ್ತದ ಹಣವನ್ನು ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದನು. ಈ ಹಣದ ಸಂಗತಿಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಒಂದು ಕುಟುಂಬವನ್ನು ಕಡಲಾಚೆಗೆ ಎಳೆದೊಯ್ದ ಹಗ್ಗ ಇದೇ.

ದೊಡ್ಡವೀರರಾಜೇಂದ್ರನು ೧೮೦೯ರಲ್ಲಿ ತೀರಿಕೊಂಡ ಬಳಿಕ ಸ್ವಲ್ಪ ಕಾಲದಲ್ಲಿಯೇ ಅವನ ತಮ್ಮ ಲಿಂಗರಾಜೇಂದ್ರನು ಪಟ್ಟವೇರಿದನು. ಲಿಂಗರಾಜೇಂದ್ರನ ಮಗನೇ ಚಿಕ್ಕವೀರರಾಜೇಂದ್ರ. ಆತನು ೧೮೨೦ರಲ್ಲಿ ಸಿಂಹಾಸನವನ್ನು ಏರಿದನು. ಆತನ ಆಳ್ವಿಕೆಯ ಬಗೆಗೆ ಒಳ್ಳೆಯ ಹೆಸರು ಉಳಿದಿಲ್ಲ. ಆತನು ಕ್ರೂರಿಯೆಂದೂ ಸಂಶಯದ ಸ್ವಭಾವದವನೆಂದೂ ಇಂಗ್ಲಿಷ್ ಅಧಿಕಾರಿಗಳು ಬರೆದಿಟ್ಟರು. ಅವರ ಬರಹದಲ್ಲಿ ರಾಜ್ಯವನ್ನು ಕಿತ್ತುಕೊಳ್ಳುವವರ ಸಮರ್ಥನೆಯೂ ಬೆರೆತಿದೆಯೆಂಬುದನ್ನು ಮರೆಯಬಾರದು. ಆದರೂ ಆತನ ದೋಷಗಳೆಲ್ಲವೂ ಕಟ್ಟುಕಥೆಗಳೆಂದು ಹೇಳುವಂತಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಈ ಅರಸನ ಪತನವನ್ನೇ ವಸ್ತುವಾಗಿಸಿಕೊಂಡು ಚಿಕವೀರ ರಾಜೇಂದ್ರ ಎಂಬ ಕಾದಂಬರಿಯನ್ನು ಬರೆದರು. ಅವರಿಗೆ ೧೯೮೩ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಸಂದಿತು.

೧೮೩೪ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯವು ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕಿತು. ಅರಸನು ಶರಣಾದನು. ಕೊಡಗು ಕಂಪನಿಯ ಆಡಳಿತಕ್ಕೆ ಸೇರಿತು. ಅರಸನನ್ನೂ ಅವನ ಪರಿವಾರವನ್ನೂ ಮಡಿಕೇರಿಯಿಂದ ಹೊರಡಿಸಿ, ಮೊದಲು ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿಸಿದರು. ಮಳೆ, ಮಂಜು, ಮಲೆಗಳ ನಡುವೆ ಬೆಳೆದವರು ಗಂಗೆಯ ತೀರದ ಬಿಸಿಲ ಬಯಲಿನಲ್ಲಿ ಬಾಳಬೇಕಾಯಿತು. ಕೈಗೆ ಬರುತ್ತಿದ್ದುದು ಕಂಪನಿಯು ಕೊಡುವ ಜೀವನಾಂಶ ಮಾತ್ರ. ಅರಸುತನವು ಹೋಗಿದ್ದಿತು; ಅರಸನೆಂಬ ಹೆಸರು ಉಳಿದಿದ್ದಿತು.

ಗೌರಮ್ಮನು ಹುಟ್ಟಿದ್ದು ಈ ಕಾಶಿಯ ವಾಸದಲ್ಲಿ, ೧೮೪೧ನೆಯ ಇಸವಿಯಲ್ಲಿ. ಕೊಡಗಿನ ರಾಜಕುಮಾರಿಯೆಂದು ಲೋಕವು ಕರೆದ ಈ ಹುಡುಗಿಯು ಕೊಡಗನ್ನು ಒಮ್ಮೆಯೂ ಕಾಣಲಿಲ್ಲ. ಕಾವೇರಿಯ ಹೆಸರನ್ನು ಅವಳು ಕೇಳಿರಬಹುದು; ಅದರ ನೀರನ್ನು ಮುಟ್ಟಲಿಲ್ಲ. ಮಡಿಕೇರಿಯ ಅರಮನೆ, ಹಾಲೇರಿಯ ಹಿರಿಯರು, ಹುತ್ತರಿಯ ಹಬ್ಬ ಇವೆಲ್ಲವೂ ಅವಳ ಪಾಲಿಗೆ ಮನೆಯ ದೊಡ್ಡವರ ನೆನಪಿನಲ್ಲಿ ಮಾತ್ರ ಉಳಿದ ಸಂಗತಿಗಳು. ತಂದೆಗೆ ಅವಳು ಅಚ್ಚುಮೆಚ್ಚಿನ ಮಗಳು. ಅರಸನ ಇನ್ನೊಬ್ಬ ಮಗಳನ್ನು ನೇಪಾಳದ ಪ್ರಧಾನಿ ಜಂಗ್ ಬಹಾದ್ದೂರನು ಮದುವೆಯಾದನು. ಹೀಗೆ ನೆಲೆ ತಪ್ಪಿದ ಒಂದು ಮನೆಯ ಹೆಣ್ಣುಮಕ್ಕಳು ಒಬ್ಬಳು ಹಿಮಾಲಯದ ಕಡೆಗೂ ಇನ್ನೊಬ್ಬಳು ಕಡಲಿನ ಕಡೆಗೂ ಹೋಗುವಂತಾಯಿತು.

ದೊಡ್ಡಪ್ಪನು ಕಂಪನಿಯಲ್ಲಿ ತೊಡಗಿಸಿದ್ದ ಹಣವು ತನಗೆ ಸಲ್ಲಬೇಕೆಂಬುದು ಚಿಕ್ಕವೀರರಾಜೇಂದ್ರನ ವಾದವಾಗಿದ್ದಿತು. ರಾಜ್ಯವನ್ನು ಗೆದ್ದುಕೊಂಡ ಕಂಪನಿಯು ಆ ಹಣವನ್ನು ಬಿಟ್ಟುಕೊಡಲು ಸಿದ್ಧವಾಗಿರಲಿಲ್ಲ. ಹಿಂದೂಸ್ಥಾನದಲ್ಲಿ ಕುಳಿತು ಅರ್ಜಿಗಳನ್ನು ಬರೆಯುವುದರಿಂದ ಫಲವಿಲ್ಲವೆಂದು ಅರಸನಿಗೆ ತೋರಿತು. ಇಂಗ್ಲೆಂಡಿಗೇ ಹೋಗಿ ಅಲ್ಲಿಯ ನ್ಯಾಯಾಲಯದಲ್ಲಿ ಕೇಳಬೇಕೆಂದು ಅವನು ನಿಶ್ಚಯಿಸಿದನು. ಅದರ ಜೊತೆಗೆ ಇನ್ನೊಂದು ಉದ್ದೇಶವನ್ನೂ ಮುಂದಿಟ್ಟನು. ಮಗಳಿಗೆ ಇಂಗ್ಲೆಂಡಿನಲ್ಲಿ ಕ್ರೈಸ್ತ ಮತದ ಸಂಸ್ಕಾರವನ್ನೂ ಒಳ್ಳೆಯ ವಿದ್ಯಾಭ್ಯಾಸವನ್ನೂ ಕೊಡಿಸುವುದು ತನ್ನ ಇಚ್ಛೆಯೆಂದು ಹೇಳಿದನು. ಮಗಳ ಮೇಲಿನ ಪ್ರೀತಿಯೂ ಹಣದ ಆಸೆಯೂ ಈ ನಿರ್ಧಾರದಲ್ಲಿ ಎಷ್ಟೆಷ್ಟು ಬೆರೆತಿದ್ದವೆಂದು ಅಳೆಯುವುದು ಕಷ್ಟ. ರಾಣಿಯ ಆಶ್ರಯದಲ್ಲಿ ಬೆಳೆದ ಮಗಳಿಂದ ತನ್ನ ವ್ಯಾಜ್ಯಕ್ಕೆ ಬಲ ಬರುವುದೆಂದು ಅವನು ಎಣಿಸಿದ್ದರೆ ಆಶ್ಚರ್ಯವೇನೂ ಇಲ್ಲ. ಹನ್ನೊಂದು ತುಂಬದ ಬಾಲಕಿಯ ಇಚ್ಛೆ ಏನೆಂದು ಕೇಳುವ ಪದ್ಧತಿಯು ಆ ಕಾಲದಲ್ಲಿ ಇರಲಿಲ್ಲ.

೧೮೫೨ರಲ್ಲಿ ತಂದೆ ಮಗಳು ಪರಿವಾರದ ಕೆಲವರೊಡನೆ ಇಂಗ್ಲೆಂಡನ್ನು ತಲುಪಿದರು. ಆಗ ಅಂಥ ಪ್ರಯಾಣವೆಂದರೆ ದೊಡ್ಡ ಸಾಹಸ. ಸೂಯೆಜ್ ಕಾಲುವೆಯು ತೆರೆದದ್ದು ೧೮೬೯ರಲ್ಲಿ. ಅದಕ್ಕೆ ಮುಂಚೆ ಹೋಗುವವರು ಆಫ್ರಿಕಾ ಖಂಡವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಹಡಗಿನಲ್ಲಿ ಕಳೆಯಬೇಕಾಗಿದ್ದಿತು. ಇಲ್ಲವೆ ಕೆಂಪು ಸಮುದ್ರದ ತುದಿಯಲ್ಲಿ ಇಳಿದು, ಈಜಿಪ್ಟಿನ ಮರಳನ್ನು ನೆಲದ ಮೇಲೆ ದಾಟಿ, ಮೆಡಿಟರೇನಿಯನ್ ಸಮುದ್ರದಲ್ಲಿ ಮತ್ತೊಂದು ಹಡಗನ್ನು ಹತ್ತಬೇಕಾಗಿದ್ದಿತು. ಕಡಲನ್ನು ದಾಟಿದರೆ ಜಾತಿ ಕೆಡುವುದೆಂಬ ಭಯವು ಜನರಲ್ಲಿ ಬೇರೂರಿದ್ದ ಕಾಲ ಅದು. ಹಾಗೆ ಇಂಗ್ಲೆಂಡಿಗೆ ಹೋದ ಭಾರತೀಯ ಅರಸರಲ್ಲಿ ಚಿಕ್ಕವೀರರಾಜೇಂದ್ರನು ತೀರ ಮೊದಲಿಗರ ಸಾಲಿನವನು.

ಅವರು ಕಂಡ ಲಂಡನ್ ನಗರದಲ್ಲಿ ಆಗಲೇ ಇಪ್ಪತ್ತಮೂರು ಲಕ್ಷಕ್ಕಿಂತ ಹೆಚ್ಚು ಜನರಿದ್ದರು. ಕಲ್ಲಿದ್ದಲಿನ ಹೊಗೆಯಿಂದ ಕಟ್ಟಡಗಳು ಕಪ್ಪಾಗಿದ್ದವು. ರೈಲು ಗಾಡಿಗಳು ಓಡುತ್ತಿದ್ದವು; ರಾತ್ರಿ ಬೀದಿಗಳಲ್ಲಿ ಅನಿಲದ ದೀಪಗಳು ಉರಿಯುತ್ತಿದ್ದವು. ಹಿಂದಿನ ವರ್ಷವಷ್ಟೇ ಅಲ್ಲಿ ಲೋಕದ ನಾನಾ ದೇಶಗಳ ಸರಕುಗಳ ಮಹಾಪ್ರದರ್ಶನವು ನಡೆದಿದ್ದಿತು. ಭಾರತದ ರತ್ನಗಳನ್ನೂ ಆನೆಯ ಅಂಬಾರಿಯನ್ನೂ ಅಲ್ಲಿಯ ಜನ ಆ ಪ್ರದರ್ಶನದಲ್ಲಿ ಬೆರಗಾಗಿ ನೋಡಿದ್ದರು. ಈಗ ಭಾರತದ ಒಬ್ಬ ಅರಸನನ್ನೂ ಅವನ ಪುಟ್ಟ ಮಗಳನ್ನೂ ಅದೇ ಬೆರಗಿನಿಂದ ನೋಡತೊಡಗಿದರು. ನೋಡುವವರಿಗೆ ಅದು ಕುತೂಹಲ. ನೋಟಕ್ಕೆ ಗುರಿಯಾದವರಿಗೆ ಅದು ಭಾರ.

೧೮೫೨ರ ಬೇಸಿಗೆಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಗೌರಮ್ಮನಿಗೆ ದೀಕ್ಷಾಸ್ನಾನವು ನಡೆಯಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನೇ ಆ ಸಂಸ್ಕಾರವನ್ನು ನೆರವೇರಿಸಿದನು. ರಾಣಿ ವಿಕ್ಟೋರಿಯಾಳು ಸ್ವತಃ ಧರ್ಮಮಾತೆಯ ಸ್ಥಾನದಲ್ಲಿ ನಿಂತು ತನ್ನ ಹೆಸರನ್ನೇ ಆ ಬಾಲಕಿಗೆ ಇಟ್ಟಳು. ಅಂದಿನಿಂದ ಅವಳು ವಿಕ್ಟೋರಿಯಾ ಗೌರಮ್ಮ. ಗೌರಿಯ ಹೆಸರೂ ಇಂಗ್ಲೆಂಡಿನ ರಾಣಿಯ ಹೆಸರೂ ಒಬ್ಬಳೇ ಹುಡುಗಿಯಲ್ಲಿ ಕೂಡಿಕೊಂಡವು. ಆ ದಿನ ಇಂಗ್ಲೆಂಡಿನಲ್ಲಿ ಅವಳಿಗಿಂತ ಭಾಗ್ಯವಂತೆಯಾದ ಪರದೇಶದ ಹುಡುಗಿ ಬೇರೊಬ್ಬಳಿಲ್ಲವೆಂದು ಯಾರಿಗಾದರೂ ತೋರುವಂತಿದ್ದಿತು.

ರಾಣಿಗೆ ಆ ಹುಡುಗಿಯ ಮೇಲೆ ನಿಜವಾದ ಮಮತೆಯಿದ್ದಿತು. ಯೂರೋಪಿನ ರಾಜಮನೆತನಗಳ ಚಿತ್ರಗಾರನೆಂದು ಹೆಸರಾದ ವಿಂಟರ್‌ಹಾಲ್ಟರನಿಂದ ಅವಳ ಚಿತ್ರವನ್ನು ಬರೆಯಿಸಿದಳು. ಮಾರೋಚೆಟ್ಟಿ ಎಂಬ ಶಿಲ್ಪಿಯಿಂದ ಅವಳ ಪ್ರತಿಮೆಯನ್ನು ಮಾಡಿಸಿದಳು. ಅವು ಇಂದಿಗೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಭಾರತೀಯ ಆಭರಣಗಳನ್ನು ತೊಟ್ಟ ಆ ಬಾಲಕಿಯ ಮುಖವನ್ನು ನೋಡಿದವರಿಗೆ ಅವಳು ಒಂದು ಮನೆಯ ಮಗಳೆಂಬುದಕ್ಕಿಂತ ಒಂದು ಸಾಮ್ರಾಜ್ಯದ ಅಲಂಕಾರವೆಂಬ ಭಾವನೆಯೇ ಹೆಚ್ಚಾಗಿ ಮೂಡುತ್ತದೆ.

ಹಬ್ಬದ ದಿನವು ಒಂದೇ ದಿನ. ಬಾಳು ಸಾಗಬೇಕಾದದ್ದು ಮರುದಿನದಿಂದ. ಆ ಮರುದಿನದ ಬಾಳಿನಲ್ಲಿ ಗೌರಮ್ಮನು ತಂದೆಯ ಮನೆಯಲ್ಲಿರಲಿಲ್ಲ. ಭಾರತದಲ್ಲಿ ಸೇವೆ ಸಲ್ಲಿಸಿದ್ದ ಡ್ರಮ್ಮಂಡ್ ಎಂಬ ಸೇನಾಧಿಕಾರಿಯ ಮತ್ತು ಅವನ ಪತ್ನಿಯ ವಶಕ್ಕೆ ಅವಳನ್ನು ಒಪ್ಪಿಸಿದರು. ಇಂಗ್ಲಿಷ್ ಮನೆತನದ ಹೆಣ್ಣುಮಗಳಿಗೆ ತಕ್ಕ ನಡೆನುಡಿ, ಓದು, ಪ್ರಾರ್ಥನೆ ಇವುಗಳಲ್ಲಿ ಅವಳನ್ನು ತಿದ್ದುವುದು ಅವರಿಗೆ ವಹಿಸಿದ ಕಾರ್ಯ. ಏಳುವುದು, ಉಡುವುದು, ಉಣ್ಣುವುದು, ನಗುವುದು, ನಮಸ್ಕರಿಸುವುದು ಎಲ್ಲಕ್ಕೂ ಹೊಸ ರೀತಿ. ಎಲ್ಲಕ್ಕೂ ಹೊಸ ಮಾತು. ಎಳೆಯ ವಯಸ್ಸಿನವರು ಹೊಸದನ್ನು ಬೇಗ ಕಲಿಯುತ್ತಾರೆ. ಗೌರಮ್ಮನೂ ಕಲಿತಳು.

ಕಲಿಸುವವರು ಇನ್ನೊಂದು ನಿಯಮವನ್ನೂ ಪಾಲಿಸಿದರು. ತಂದೆಯೊಡನೆ ಹೆಚ್ಚಾಗಿ ಬೆರೆತರೆ ಮಗಳ ಮನಸ್ಸು ಹಳೆಯ ನಡೆಗೆ ಮರಳೀತೆಂಬುದು ಅವರ ಭಯ. ಆದುದರಿಂದ ತಂದೆ ಮಗಳ ಭೇಟಿಗೆ ಮಿತಿ ಹಾಕಿದರು. ಒಂದೇ ನಗರದಲ್ಲಿ ವಾಸಿಸುವ ತಂದೆಯು ಮಗಳನ್ನು ಕಾಣಲು ಇತರರ ಅಪ್ಪಣೆಯನ್ನು ಕಾಯುವಂತಾಯಿತು. ಮಾತೃಭಾಷೆಯೆಂಬುದು ದಿನನಿತ್ಯದ ಮಾತಿನಿಂದ ಉಳಿಯತಕ್ಕದ್ದು. ಹಸಿವಾಯಿತೆಂದು ಹೇಳಲು, ಹಟ ಮಾಡಲು, ಕನಸು ಕಂಡು ಬೆದರಿದಾಗ ಕೂಗಲು ಅದು ಬೇಕು. ಕೇಳುವ ಕಿವಿಯಿಲ್ಲದೆ ಹೋದರೆ ಎಂಥ ಸಿರಿಯ ನುಡಿಯೂ ಮಗುವಿನ ನಾಲಗೆಯ ಮೇಲೆ ಒಣಗುತ್ತದೆ. ಗೌರಮ್ಮನ ಸುತ್ತಲೂ ಆಳುಕಾಳುಗಳಿದ್ದರು, ಶಿಕ್ಷಕರಿದ್ದರು, ಹಿತವನ್ನು ಬಯಸುವ ದೊಡ್ಡವರಿದ್ದರು. ಅವಳ ನುಡಿಯಲ್ಲಿ ಮಾತನಾಡುವವರು ಇರಲಿಲ್ಲ.

ಇತ್ತ ಚಿಕ್ಕವೀರರಾಜೇಂದ್ರನ ದಿನಗಳು ವಕೀಲರ ಕಚೇರಿಗಳಲ್ಲಿ ಕಳೆಯುತ್ತಿದ್ದವು. ಕಂಪನಿಯ ಮೇಲೆ ಅವನು ಹೂಡಿದ ದಾವೆಯು ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿದ್ದಿತು. ಆ ನ್ಯಾಯಾಲಯವು ಅದರ ನಿಧಾನಕ್ಕೆ ಹೆಸರಾಗಿದ್ದಿತು. ಅಲ್ಲಿ ಹೊಕ್ಕ ವ್ಯಾಜ್ಯವು ಹೊರಬರುವ ಹೊತ್ತಿಗೆ ವಾದಿಯ ಆಯುಸ್ಸು ತೀರುವುದೂ ಉಂಟೆಂದು ಇಂಗ್ಲಿಷರೇ ಆಡಿಕೊಳ್ಳುತ್ತಿದ್ದರು. ತನ್ನ ರಾಜ್ಯವನ್ನು ಕಸಿದುಕೊಂಡವರ ನಾಡಿನಲ್ಲಿ, ಅವರದೇ ನ್ಯಾಯಾಲಯದಲ್ಲಿ, ಅವರದೇ ಭಾಷೆಯಲ್ಲಿ ನ್ಯಾಯವನ್ನು ಬೇಡುವ ಸ್ಥಿತಿ ಅವನದು. ಮಡಿಕೇರಿಯಲ್ಲಿ ಕಣ್ಸನ್ನೆಯಿಂದ ಜನರನ್ನು ನಡುಗಿಸಿದವನು ಲಂಡನ್ನಿನಲ್ಲಿ ಬಾಡಿಗೆಯ ಮನೆಯ ಕಿಟಕಿಯಿಂದ ಮಂಜನ್ನು ನೋಡುತ್ತ ಅಂಚೆಯನ್ನು ಎದುರುನೋಡುವವನಾದನು. ಅಧಿಕಾರದ ಕಾಲದಲ್ಲಿ ಅವನು ಇತರರಿಗೆ ಕೊಟ್ಟ ನೋವನ್ನು ಈ ಕಷ್ಟವು ಅಳಿಸುವುದಿಲ್ಲ. ಆದರೂ ಮಗಳನ್ನು ಕಾಣಲು ಹಂಬಲಿಸುವ ತಂದೆಯ ದುಃಖವು ಯಾರದಾದರೂ ದುಃಖವೇ ಸರಿ.

ಗೌರಮ್ಮನಂತೆಯೇ ನೆಲೆ ತಪ್ಪಿದ ಇನ್ನೊಬ್ಬ ಬಾಲಕನು ೧೮೫೪ರಲ್ಲಿ ಇಂಗ್ಲೆಂಡಿಗೆ ಬಂದನು. ಅವನು ಪಂಜಾಬಿನ ಸಿಖ್ ರಾಜ್ಯದ ಕೊನೆಯ ಅರಸನಾದ ದುಲೀಪ ಸಿಂಹ. ಹತ್ತರ ಎಳೆಯ ವಯಸ್ಸಿನಲ್ಲಿ ಅವನು ರಾಜ್ಯವನ್ನೂ ಕೋಹಿನೂರ್ ವಜ್ರವನ್ನೂ ಕಳೆದುಕೊಂಡಿದ್ದನು. ಅವನೂ ಕ್ರೈಸ್ತ ಮತವನ್ನು ಸ್ವೀಕರಿಸಿದ್ದನು. ಇವರಿಬ್ಬರಿಗೂ ಮದುವೆಯಾದರೆ ಎಷ್ಟು ಚೆನ್ನು ಎಂದು ರಾಣಿಯು ಬಯಸಿದಳು. ಇಬ್ಬರೂ ಭಾರತದವರು, ಇಬ್ಬರೂ ರಾಜವಂಶದವರು, ಇಬ್ಬರೂ ಕ್ರೈಸ್ತರು. ಹೊಂದಾಣಿಕೆಗೆ ಇನ್ನೇನು ಬೇಕೆಂದು ಅವಳು ಭಾವಿಸಿದಂತಿದೆ. ಕಾವೇರಿಯ ನಾಡಿಗೂ ಸಿಂಧುವಿನ ನಾಡಿಗೂ ಇರುವ ಅಂತರವು ದೂರದ ಅರಮನೆಯಲ್ಲಿ ಕುಳಿತವರಿಗೆ ಅಷ್ಟಾಗಿ ಕಾಣಿಸಲಿಲ್ಲ. ದುಲೀಪ ಸಿಂಹನು ಆಕೆಯೊಡನೆ ಸ್ನೇಹದಿಂದ ಇದ್ದನು, ಮದುವೆಗೆ ಒಪ್ಪಲಿಲ್ಲ. ರಾಣಿಯ ಇಚ್ಛೆಯು ನೆರವೇರಲಿಲ್ಲ.

ಗೌರಮ್ಮನು ಬೆಳೆದಂತೆಲ್ಲ ಅವಳ ಒಂಟಿತನವೂ ಬೆಳೆಯಿತು. ಅವಳನ್ನು ನೋಡಿಕೊಳ್ಳುವ ಮನೆಗಳು ಬದಲಾದವು. ಕಾವಲು ಬಿಗಿಯಾಯಿತು. ಹೊರಗೆ ಹೋಗುವುದಕ್ಕೂ ಸ್ನೇಹ ಮಾಡುವುದಕ್ಕೂ ಇತರರ ಒಪ್ಪಿಗೆ ಬೇಕಾಗಿದ್ದಿತು. ಮನಸ್ಸು ಬಿಚ್ಚಿ ಮಾತನಾಡುವ ಗೆಳತಿಯರು, ಬೈದು ಬುದ್ಧಿ ಹೇಳಿ ಮತ್ತೆ ತಬ್ಬಿಕೊಳ್ಳುವ ಅತ್ತೆ, ಚಿಕ್ಕಮ್ಮಂದಿರು ಅವಳಿಗಿರಲಿಲ್ಲ. ಕಾವಲಿನ ಬಾಳಿನಿಂದ ಅವಳು ಬೇಸತ್ತಳು. ೧೮೫೮ರಲ್ಲಿ ಅವಳನ್ನು ಸರ್ ಜಾನ್ ಲಾಗಿನ್ ಮತ್ತು ಅವನ ಪತ್ನಿಯ ಆಶ್ರಯಕ್ಕೆ ಕಳುಹಿಸಿದರು. ದುಲೀಪ ಸಿಂಹನನ್ನು ಸಾಕಿದವರೂ ಈ ದಂಪತಿಗಳೇ. ಅವರ ಮನೆಯಲ್ಲಿ ಅವಳಿಗೆ ಸ್ವಲ್ಪ ಮಟ್ಟಿನ ಸಮಾಧಾನವು ದೊರೆಯಿತು.

ಅದೇ ಹೊತ್ತಿನಲ್ಲಿ ಭಾರತದಲ್ಲಿ ದೊಡ್ಡ ಬದಲಾವಣೆಗಳಾದವು. ೧೮೫೭ರಲ್ಲಿ ಉತ್ತರ ಭಾರತವು ಕಂಪನಿಯ ವಿರುದ್ಧ ದಂಗೆ ಎದ್ದಿತು. ಮರುವರ್ಷ ಕಂಪನಿಯ ಆಳ್ವಿಕೆಯು ಕೊನೆಗೊಂಡು ದೇಶವು ನೇರವಾಗಿ ರಾಣಿಯ ಆಡಳಿತಕ್ಕೆ ಒಳಪಟ್ಟಿತು. ಗೌರಮ್ಮನ ಧರ್ಮಮಾತೆಯು ಈಗ ಅವಳ ತಂದೆಯ ರಾಜ್ಯಕ್ಕೂ ಒಡತಿಯಾದಳು. ಆದರೂ ಅರಸನ ದಾವೆಯು ತೀರ್ಮಾನವಾಗಲಿಲ್ಲ.

೧೮೫೯ರ ಸೆಪ್ಟೆಂಬರ್ ೨೪ರಂದು ಚಿಕ್ಕವೀರರಾಜೇಂದ್ರನು ಲಂಡನ್ನಿನಲ್ಲಿ ತೀರಿಕೊಂಡನು. ಅವನನ್ನು ಕೆನ್ಸಲ್ ಗ್ರೀನ್ ಎಂಬ ಸ್ಮಶಾನದಲ್ಲಿ ಸಮಾಧಿ ಮಾಡಿದರು. ಮಡಿಕೇರಿಗೆ ಹೋದವರು ಅಲ್ಲಿ ಹಾಲೇರಿ ಅರಸರ ಗದ್ದಿಗೆಗಳನ್ನು ನೋಡಬಹುದು. ಗುಮ್ಮಟಗಳಿಂದ ಕೂಡಿದ ಆ ಗಂಭೀರವಾದ ಕಟ್ಟಡಗಳಲ್ಲಿ ದೊಡ್ಡವೀರರಾಜೇಂದ್ರನದೂ ಲಿಂಗರಾಜೇಂದ್ರನದೂ ಇವೆ. ತಂದೆ ಲಿಂಗರಾಜೇಂದ್ರನ ಗದ್ದಿಗೆಯನ್ನು ಕಟ್ಟಿಸಿದವನು ಚಿಕ್ಕವೀರರಾಜೇಂದ್ರನೇ. ತಂದೆಗೆ ಗದ್ದಿಗೆಯನ್ನು ಕಟ್ಟಿಸಿದ ಮಗನಿಗೆ ಆ ಸಾಲಿನಲ್ಲಿ ಜಾಗ ಸಿಗಲಿಲ್ಲ. ಅವನ ದಾವೆಯು ಅವನ ನಂತರ ೧೮೬೦ರಲ್ಲಿ ವಜಾ ಆಯಿತು. ರಾಜ್ಯವನ್ನು ವಶಪಡಿಸಿಕೊಳ್ಳುವಾಗ ಸರ್ಕಾರವು ನಡೆಸಿದ ಕಾರ್ಯವನ್ನು ವಿಚಾರಿಸುವುದು ನ್ಯಾಯಾಲಯಕ್ಕೆ ಸೇರಿದ್ದಲ್ಲವೆಂಬುದು ಅದರ ತಾತ್ಪರ್ಯ. ಯಾವ ಹಣಕ್ಕಾಗಿ ಕುಟುಂಬವು ಕಡಲನ್ನು ದಾಟಿದ್ದಿತೋ ಆ ಹಣ ಬರಲಿಲ್ಲ.

ತಂದೆಯನ್ನು ಕಳೆದುಕೊಂಡ ಮರುವರ್ಷ, ೧೮೬೦ರಲ್ಲಿ, ಗೌರಮ್ಮನಿಗೆ ಮದುವೆಯಾಯಿತು. ವರನು ಲಾಗಿನ್ನನ ಪತ್ನಿಯ ಸೋದರನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್. ಅವನು ವಿಧುರ, ವಯಸ್ಸಿನಲ್ಲಿ ಆಕೆಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನು. ೧೮೬೧ರಲ್ಲಿ ಅವಳಿಗೆ ಒಂದು ಹೆಣ್ಣುಮಗು ಹುಟ್ಟಿತು. ಆ ಮಗುವಿಗೆ ಎಡಿತ್ ವಿಕ್ಟೋರಿಯಾ ಗೌರಮ್ಮ ಎಂದು ಹೆಸರಿಟ್ಟರು. ಪರದೇಶದಲ್ಲಿ, ಪರಭಾಷೆಯ ನಡುವೆ, ಹೊಸ ಮತದಲ್ಲಿ ಹುಟ್ಟಿದ ಆ ಕೂಸಿನ ಹೆಸರಿನ ತುದಿಯಲ್ಲಿ ಗೌರಮ್ಮ ಎಂಬ ಪದವು ಉಳಿಯಿತು. ಹಾಲೇರಿಯ ಮನೆಯಿಂದ ಆ ಮಗುವಿಗೆ ಬಂದ ಬಳುವಳಿಯಲ್ಲಿ ಕಳೆದುಹೋಗದೆ ಉಳಿದದ್ದು ಈ ಒಂದು ಹೆಸರೇ ಎನ್ನಬಹುದು.

ಮದುವೆಯಿಂದ ಗೌರಮ್ಮನಿಗೆ ಸುಖ ದೊರೆಯಲಿಲ್ಲ. ಗಂಡನ ಗಮನವು ಆಕೆಗಿಂತ ಹೆಚ್ಚಾಗಿ ಆಕೆಯ ಸ್ವತ್ತಿನ ಮೇಲಿದ್ದಿತು. ದೇಹವೂ ಕುಗ್ಗಿತು. ಆ ಕಾಲದಲ್ಲಿ ಮದ್ದಿಲ್ಲದ ಕ್ಷಯರೋಗವು ಆಕೆಯನ್ನು ಹಿಡಿಯಿತು. ೧೮೬೪ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಮೂರು ವರ್ಷ ತುಂಬದ ಮಗಳನ್ನು ಬಿಟ್ಟು ಗೌರಮ್ಮನು ಕಣ್ಮುಚ್ಚಿದಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ. ತಂದೆಯದು ಒಂದೆಡೆ, ಮಗಳದು ಇನ್ನೊಂದೆಡೆ. ಬದುಕಿದ್ದಾಗ ಅವರ ನಡುವೆ ಇದ್ದ ದೂರವು ಸತ್ತ ಮೇಲೂ ಹಾಗೆಯೇ ಉಳಿಯಿತು. ಕೆಲವು ವರ್ಷಗಳ ಬಳಿಕ ಕ್ಯಾಂಪ್‌ಬೆಲ್ಲನೂ ಕಾಣೆಯಾದನು.

ಗೌರಮ್ಮನ ಬಾಳನ್ನು ಹೀಗೆ ನೋಡಿದಾಗ ಒಂದು ಪ್ರಶ್ನೆಯು ನಮ್ಮನ್ನು ಕಾಡುತ್ತದೆ. ಅವಳಿಗೆ ಕೇಡನ್ನು ಬಯಸಿದವರು ಯಾರು? ತಂದೆಗೆ ಅವಳು ಪ್ರಾಣ. ರಾಣಿಗೆ ಅವಳಲ್ಲಿ ವಾತ್ಸಲ್ಯ. ಸಾಕಿದವರು ಅವಳಿಗೆ ಒಳ್ಳೆಯದನ್ನೇ ಮಾಡುತ್ತಿರುವೆವೆಂದು ನಂಬಿದ್ದರು. ಆದರೂ ಅವಳ ಬದುಕು ಅರಳಲಿಲ್ಲ. ಅವಳ ಮತ, ಹೆಸರು, ಮನೆ, ನುಡಿ, ವರ ಎಲ್ಲವನ್ನೂ ಇತರರು ಆರಿಸಿಕೊಟ್ಟರು. ಪ್ರತಿಯೊಬ್ಬರೂ ಅವಳಿಗೆ ಏನನ್ನಾದರೂ ಕೊಟ್ಟರು. ನಿನಗೆ ಏನು ಬೇಕೆಂದು ಕೇಳಲು ಯಾರಿಗೂ ತೋಚಲಿಲ್ಲ. ಇಲ್ಲಿ ದೋಷವನ್ನು ಯಾವ ಮತದ ಮೇಲೂ ಯಾವ ದೇಶದ ಮೇಲೂ ಹೊರಿಸುವುದು ತರವಲ್ಲ. ಮನಸಾರೆ ಒಪ್ಪಿ ಸ್ವೀಕರಿಸಿದ ಮತವು ಮನುಷ್ಯನಿಗೆ ಬಲವನ್ನು ಕೊಡುತ್ತದೆ. ಮನಸಾರೆ ಆರಿಸಿಕೊಂಡ ನಾಡು ತವರೇ ಆಗುತ್ತದೆ. ಆ ಒಪ್ಪಿಗೆಗೆ ಗೌರಮ್ಮನ ಬಾಳಿನಲ್ಲಿ ಎಡೆಯೇ ಇರಲಿಲ್ಲ.

ಹೊರನಾಡಿಗೆ ಹೋದವರೆಲ್ಲ ಹೀಗೆಯೇ ಬೇರು ಕಳೆದುಕೊಳ್ಳುತ್ತಾರೆಂದು ಯಾರೂ ತಿಳಿಯಬಾರದು. ಮೈಸೂರಿನಲ್ಲಿ ೧೯೨೯ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಅಮೆರಿಕೆಯ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ, ೧೯೯೩ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ನೆಲೆಸಿದ್ದರು. ಅಷ್ಟು ದೂರದಲ್ಲಿದ್ದೂ ಅವರು ಕನ್ನಡದಲ್ಲಿ ಕವಿತೆಗಳನ್ನು ಬರೆದರು. ನಮ್ಮ ವಚನಗಳನ್ನು ಇಂಗ್ಲಿಷಿಗೆ ತಂದು ಲೋಕವು ಓದುವಂತೆ ಮಾಡಿದರು. ಅಜ್ಜಿಯರು ಹೇಳುವ ಕಥೆಗಳನ್ನು ಸಂಗ್ರಹಿಸಿದರು. ಅವರು ತಮ್ಮ ನುಡಿಯನ್ನು ಕೈಬಿಡದೆ ಹೊಸ ನಾಡಿನ ನುಡಿಯನ್ನೂ ತಮ್ಮದಾಗಿಸಿಕೊಂಡರು. ತಾವೇ ಆರಿಸಿಕೊಂಡ ದಾರಿಯಲ್ಲಿ ನಡೆದವರಿಗೆ ಇದು ಸಾಧ್ಯವಾಗುತ್ತದೆ. ಇಂದು ಹಲವು ದೇಶಗಳಲ್ಲಿ ಕನ್ನಡ ಕೂಟಗಳಿವೆ. ಅಲ್ಲಿ ಯುಗಾದಿ, ರಾಜ್ಯೋತ್ಸವಗಳು ನಡೆಯುತ್ತವೆ. ವಾರದ ಬಿಡುವಿನಲ್ಲಿ ಮಕ್ಕಳಿಗೆ ಅ ಆ ಇ ಈ ಕಲಿಸುವ ತಾಯಿತಂದೆಯರಿದ್ದಾರೆ. ದಿನವೆಲ್ಲ ಬೇರೆ ನುಡಿಯಲ್ಲಿ ದುಡಿದು ಬಂದವರು ರಾತ್ರಿ ಊಟದ ಹೊತ್ತಿಗೆ ಸಾರು, ಅನ್ನಗಳ ಮುಂದೆ ಕುಳಿತು ಕನ್ನಡದಲ್ಲಿ ಮಾತನಾಡುತ್ತಾರೆ. ಇಂಥ ಸಣ್ಣ ಸಂಗತಿಗಳಿಂದಲೇ ಪರದೇಶದ ಮನೆಯು ಸ್ವಂತ ಮನೆಯಾಗುತ್ತದೆ. ಗೌರಮ್ಮನ ಅರಮನೆಯ ಬಾಳಿನಲ್ಲಿ ಕೊರತೆಯಾದದ್ದು ಈ ಸಣ್ಣ ಸಂಗತಿಗಳು.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡದ ಮೇಲೆ ಬಸವಣ್ಣನವರ ಪ್ರತಿಮೆಯೊಂದಿದೆ. ೨೦೧೫ರಲ್ಲಿ ಅದರ ಅನಾವರಣವಾಯಿತು. ಚಿಕ್ಕವೀರರಾಜೇಂದ್ರನು ಅದೇ ನಗರದಲ್ಲಿ ಏಳು ವರ್ಷ ವಾಸಿಸಿದ್ದಾಗ ಬಸವಣ್ಣನವರ ಹೆಸರನ್ನು ಅರಿತವರು ಅಲ್ಲಿ ಎಷ್ಟು ಮಂದಿ ಇದ್ದಿರಬಹುದು? ಇಂದು ಆ ದಡದ ಮೇಲೆ ನಿಂತು ಕನ್ನಡಿಗರು ಕೈಮುಗಿಯುತ್ತಾರೆ. ಅಲ್ಲಿಯ ಜನರೂ ನಿಂತು ನೋಡಿ, ಇವರು ಯಾರೆಂದು ಕೇಳಿ ತಿಳಿಯುತ್ತಾರೆ. ಬಂದವರು ತಮ್ಮತನವನ್ನು ಉಳಿಸಿಕೊಳ್ಳುವುದಕ್ಕೂ ಇದ್ದವರು ಅದನ್ನು ಗೌರವಿಸುವುದಕ್ಕೂ ಕಾಲವು ಸ್ವಲ್ಪಮಟ್ಟಿಗೆ ದಾರಿ ಮಾಡಿಕೊಟ್ಟಿದೆ.

ವಿದ್ಯಾರ್ಥಿಗಳಾದ ನಿಮಗೆ ಮುಂದೆ ದೂರದ ನಾಡುಗಳಿಗೆ ಹೋಗುವ ಅವಕಾಶವು ಬರಬಹುದು. ಆಗ ಹೊಸದನ್ನು ಕಲಿಯಲು ಹಿಂಜರಿಯಬೇಡಿ. ನಿಮ್ಮ ನುಡಿಯನ್ನು ಹೊರೆಯೆಂದು ಇಳಿಸಿಬಿಡಲೂಬೇಡಿ. ಅದಕ್ಕಿಂತ ಮುಂಚೆಯೇ, ಬೇರೆ ಊರಿನಿಂದಲೋ ಬೇರೆ ರಾಜ್ಯದಿಂದಲೋ ಬಂದ ಒಬ್ಬ ಹುಡುಗಿಯು ನಿಮ್ಮ ತರಗತಿಗೇ ಸೇರಬಹುದು. ಅವಳ ಮಾತು ನಿಮಗೆ ವಿಚಿತ್ರವಾಗಿ ಕೇಳಿಸೀತು. ಅವಳ ಬುತ್ತಿಯಲ್ಲಿ ನೀವು ಕಾಣದ ತಿನಿಸು ಇದ್ದೀತು. ಅವಳನ್ನು ಬೆರಗಿನ ವಸ್ತುವಿನಂತೆ ನೋಡದೆ, ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ನಿಮ್ಮ ಮನೆಯಲ್ಲಿ ಯಾವ ಮಾತನ್ನು ಆಡುತ್ತೀರಿ ಎಂದು ಕೇಳಿರಿ. ಇಂಗ್ಲೆಂಡಿನಲ್ಲಿ ಹನ್ನೆರಡು ವರ್ಷ ಕಳೆದ ಗೌರಮ್ಮನಿಗೆ ದೊರೆಯದೆ ಹೋದ ಉಪಚಾರ ಅದೊಂದೇ.